ರೋಡ್ ರೋಲರ್ ಒತ್ತಿದ ಅಚ್ಚು

ಶಿಲ್ಪಿಗಳು ಮಾಡುವ ಪ್ರಿಂಟ್‌ಗಳೆಂದರೆ ನನಗೆ ಒಂದು ತೂಕ ಹೆಚ್ಚೇ ಇಷ್ಟ. ಚಿತ್ರಕಾರ ಕಾಗದದ ಮೇಲೆ ಕೆಲಸ ಮಾಡುತ್ತಾನೆ, ಶಿಲ್ಪಿ ಕಾಗದಕ್ಕೇ ಕೈ ಹಾಕುತ್ತಾನೆ. ಸೋಮನಾಥ ಹೋರ್ 1970ರ ದಶಕದಲ್ಲಿ ಮಾಡಿದ ‘ಗಾಯಗಳು’ ಸರಣಿಯನ್ನೇ ನೋಡಿ. ಜೇಡಿಮಣ್ಣು, ಮೇಣದ ಹಲಗೆಗಳನ್ನು ಚಾಕುವಿನಿಂದ ಸೀಳಿ, ಅದಕ್ಕೆ ಸಿಮೆಂಟ್ ಅಚ್ಚು ತೆಗೆದು, ಆ ಅಚ್ಚಿಗೆ ಕಾಗದದ ತಿರುಳನ್ನು ಒತ್ತಿದರು. ಬಿಳಿಯ ಮೇಲೆ ಬಿಳಿ, ಹೆಚ್ಚಿನವುಗಳಲ್ಲಿ ಶಾಯಿಯ ಗೊಡವೆಯೇ ಇಲ್ಲ. ನೆರೆಯ ಚಿತ್ತೂರು ಜಿಲ್ಲೆಯ ಕೃಷ್ಣ ರೆಡ್ಡಿಯವರು ಪ್ಯಾರಿಸ್ಸಿನಲ್ಲಿ ಲೋಹದ ತಗಡನ್ನು ಉಬ್ಬುಶಿಲ್ಪದ ಹಾಗೆ ಆಳ ಆಳವಾಗಿ ಕೆತ್ತಿ, ಎಣ್ಣೆಯಿಂದ ಶಾಯಿಯ ಹದ ಬದಲಿಸುತ್ತ, ಒಂದೇ ತಗಡಿನಿಂದ ಒಂದೇ ಸಲಕ್ಕೆ ಹಲವು ಬಣ್ಣ ಎತ್ತಿದರು.

ಈ ಸಾಲಿಗೆ ನಮ್ಮ ಭದ್ರಾವತಿಯವರೊಬ್ಬರನ್ನು ಸೇರಿಸಬೇಕೆಂದು ನನ್ನ ಹಟ. ಶೀಲಾ ಗೌಡ ಹುಟ್ಟಿದ್ದು 1957ರಲ್ಲಿ, ಭದ್ರಾವತಿಯಲ್ಲಿ. ಬೆಂಗಳೂರಿನ ಕೆನ್ ಕಲಾಶಾಲೆ, ಹೋರ್ ಅವರು ಪಾಠ ಹೇಳುತ್ತಿದ್ದ ಶಾಂತಿನಿಕೇತನದ ಕಲಾಭವನ, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್, ಹೀಗೆ ಸಾಗಿದ ಓದು. ಓದಿದ್ದು ಚಿತ್ರಕಲೆ. ತೊಂಬತ್ತರ ದಶಕದಲ್ಲಿ ಸಗಣಿ, ಕುಂಕುಮ, ಸೂಜಿ-ದಾರ ಕೈಗೆ ಬಂದವು, ಕೃತಿಗಳು ಗೋಡೆಯಿಂದ ನೆಲಕ್ಕಿಳಿದವು.

ನಾನು ಹೇಳಹೊರಟಿದ್ದು 2008ರ ‘ಕಾಗೆಬಂಗಾರ’ದ ಬಗ್ಗೆ. ಡಾಂಬರು ಡ್ರಮ್ಮುಗಳು, ಅವನ್ನು ಬಿಡಿಸಿ ಚಪ್ಪಟೆ ಮಾಡಿದ ತಗಡುಗಳು, ಟಾರ್ಪಾಲು, ಡಾಂಬರು, ಮತ್ತೆ ಹೆಸರೇ ಹೇಳುವ ಅಭ್ರಕ. ರಸ್ತೆ ಕೆಲಸ ನೋಡಿದವರಿಗೆ ಈ ತಗಡು ಹೊಸದಲ್ಲ. ಡಾಂಬರು ಖಾಲಿಯಾದ ಡ್ರಮ್ಮಿನ ಮುಚ್ಚಳ ತಳ ಕತ್ತರಿಸಿ, ಮೈ ಸೀಳಿ ಬಿಡಿಸಿ ರೋಡ್ ರೋಲರ್ ಹತ್ತಿಸುತ್ತಾರೆ. ಆಮೇಲೆ ಅದೇ ಕೂಲಿಯವರ ಗುಡಿಸಲಿನ ಗೋಡೆ.

ಎಚ್ಚಿಂಗ್ ಪ್ರೆಸ್ಸಿನಲ್ಲಿ ನಡೆಯುವುದೂ ಇಷ್ಟೇ ತಾನೆ? ಒಂದು ತಗಡು, ಕಪ್ಪು ಶಾಯಿ, ಮೇಲೆ ಉರುಳುವ ಭಾರ. ಇಲ್ಲಿ ಡಾಂಬರೇ ಶಾಯಿ, ಪ್ರೆಸ್ಸಿನ ತೂಕ ಮಾತ್ರ ಟನ್ನುಗಳಲ್ಲಿ. ಹತ್ತಿರದಿಂದ ನೋಡಿದರೆ ಡ್ರಮ್ಮಿನ ಸುತ್ತುಬಳೆಗಳು ಮಲಗಿ ಅಡ್ಡಗೆರೆಗಳಾಗಿವೆ, ಒಣಗಿದ ಡಾಂಬರಿನ ಹಕ್ಕಳೆ, ಅದು ಎದ್ದುಹೋದಲ್ಲಿ ತುಕ್ಕಿನ ಕೆಂಪು. ಇದನ್ನು ಪ್ರಿಂಟ್ ಎಂದು ಕರೆಯುತ್ತಿರುವವನು ನಾನು, ಕಲಾವಿದೆಯ ತಲೆಗೆ ಕಟ್ಟುವುದಿಲ್ಲ.

ಅಮೂರ್ತ ಕಲೆ ಅರ್ಥವಾಗುವುದಿಲ್ಲ ಎನ್ನುವವರಿಗೆ ಇಲ್ಲಿ ನೆಪವಿಲ್ಲ. ಚಿತ್ರವಿಲ್ಲ, ಆಕೃತಿಯಿಲ್ಲ, ಆದರೂ ಪ್ರತಿ ಗುರುತಿಗೂ ಒಂದು ಕೈ, ಒಂದು ಕೂಲಿ ಇದೆ. ಅಂದಕ್ಕೆಂದೇ ಬಳಿದ ಅಮೂರ್ತ ಕ್ಯಾನ್ವಾಸುಗಳ ಪಕ್ಕ ಇದನ್ನಿಟ್ಟರೆ ಅವು ಸಪ್ಪೆ. 2006ರ ‘ಡಾರ್ಕ್‌ರೂಮ್’ನಲ್ಲೂ ಇದೇ ಡ್ರಮ್ಮುಗಳು. ಬಗ್ಗಿ ಒಳಹೊಕ್ಕರೆ ತಗಡಿನ ತೂತುಗಳಿಂದ ಬೆಳಕು ಚುಕ್ಕಿಚುಕ್ಕಿಯಾಗಿ ಇಳಿಯುತ್ತದೆ.

1923ರಿಂದ ಕಬ್ಬಿಣ ಕರಗಿಸಿದ ಊರು ಭದ್ರಾವತಿ. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಯೂ ಅಲ್ಲಿಯದೇ. ಪ್ರಿಂಟಿಗೆ ಬೇಕಾದ ಲೋಹ, ಕಾಗದ ಎರಡರ ಹದವನ್ನೂ ಅರಿತ ಕೈಗಳು ನಮ್ಮಲ್ಲಿವೆ. ತಗಡಿನ ದಪ್ಪವನ್ನು ಬೆರಳಲ್ಲೇ ಅಳೆಯಬಲ್ಲ ನಿವೃತ್ತ ಕಾರ್ಮಿಕ ‘ಕಾಗೆಬಂಗಾರ’ದ ಎದುರು ನಿಂತು ಆಡುವ ಮಾತು ಯಾವ ವಿಮರ್ಶಕನಿಗೂ ಹೊಳೆಯಲಾರದು.

ಶೀಲಾ ಅವರ ಕೃತಿಗಳು 2007ರಲ್ಲಿ ಕಾಸೆಲ್‌ನ ಡಾಕ್ಯುಮೆಂಟಾ, 2009ರಲ್ಲಿ ವೆನಿಸ್ ಬಿಯೆನಾಲೆ ಕಂಡಿವೆ. ವೆನಿಸ್‌ನಲ್ಲಿ ತೋರಿಸಿದ, ಕೂದಲ ಹಗ್ಗ ಮತ್ತು ಕಾರಿನ ಬಂಪರುಗಳ ‘ಬಿಹೋಲ್ಡ್’ ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಶಿವಮೊಗ್ಗದಲ್ಲಿ ಕಲೆಯ ಕೆಲಸ ಮಾಡುವ ಸಂಘ-ಸಂಸ್ಥೆಗಳು, ಕುವೆಂಪು ವಿಶ್ವವಿದ್ಯಾಲಯ ಒಟ್ಟಾಗಿ ಅವರನ್ನು ಕೇಳಲಿ, ಒಂದೇ ಒಂದು ಕೃತಿಯನ್ನಾದರೂ ತರಿಸಿ ತೋರಿಸಲಿ. ಮೊದಲ ಆಮಂತ್ರಣ ಪತ್ರಿಕೆ ಭದ್ರಾವತಿಯ ಕಾರ್ಮಿಕರ ಮನೆಗಳಿಗೆ ಹೋಗಲಿ.