ಒಲೆಯ ಮುಂದಿನ ಓದು

ನಾವಿಬ್ಬರೂ ದುಡಿಯುವವರು. ಮನೆಯಲ್ಲಿ ಇಬ್ಬರು ಮಕ್ಕಳು, ವಯಸ್ಸಾದ ಅಮ್ಮಿ. ಮಳವಳ್ಳಿಯಿಂದ ಮಂಡ್ಯಕ್ಕೆ ದಿನವೂ ಬಸ್ಸು. ಇಂಥ ಮನೆಯಲ್ಲಿ ಓದು ಎಂದರೆ ಮದ್ದೂರಿನಲ್ಲಿ ಬಸ್ಸು ನಿಂತಾಗ ಸಿಗುವ ಹತ್ತು ನಿಮಿಷ. ಸಿನಿಮಾ ಎಂದರೆ ಮೂರು ರಾತ್ರಿ ತುಂಡು ತುಂಡಾಗಿ ನೋಡಿ ಮುಗಿಸುವಂಥದ್ದು. ಅಡುಗೆಗೆ ಮಾತ್ರ ರಜೆಯಿಲ್ಲ.

ನಮ್ಮ ವಿಮರ್ಶೆ ಕಲ್ಪಿಸಿಕೊಳ್ಳುವ ಓದುಗನೇ ಬೇರೆ. ಅವನಿಗೆ ಬಿಡುವಿದೆ. ಕಾಫಿ ತಾನಾಗಿ ಬಂದು ಅವನ ಮುಂದೆ ಕೂರುತ್ತದೆ. ಕೃತಿಯ ಆಶಯವೇನು, ತಂತ್ರವೇನು ಎಂದು ಕೇಳುವ ಅವನು ಕಾಫಿ ಕಾಯಿಸಿದವರಾರು ಎಂದು ಕೇಳುವುದಿಲ್ಲ. ಕಳೆದ ವಾರ ನಾವು ಓದಿದ್ದು, ನೋಡಿದ್ದು, ಬೇಯಿಸಿದ್ದು ಮೂರನ್ನೂ ಒಟ್ಟಿಗಿಟ್ಟು ನೋಡಿದಾಗ ಈ ಕೇಳದ ಪ್ರಶ್ನೆಯೇ ಮತ್ತೆ ಮತ್ತೆ ಎದುರಾಯಿತು.

ಮೊದಲು ಓದಿದ್ದು ಇಸ್ಮತ್ ಚುಗ್ತಾಯಿಯವರ 'ಚೌಥಿ ಕಾ ಜೋಡಾ'. ಅಮ್ಮಿ ಅಕ್ಕಿಯಲ್ಲಿ ಕಲ್ಲು ಆರಿಸುತ್ತಾ ಕೂತಿದ್ದರು. ಉರ್ದುವಿನಲ್ಲೇ ಗಟ್ಟಿಯಾಗಿ ಓದಿ ಹೇಳಿದೆವು. ತಂದೆಯಿಲ್ಲದ ಬಡ ಮನೆ. ಹಿರಿಮಗಳು ಕುಬ್ರಾಳ ಮದುವೆಯ ಜೋಡು ಹೊಲಿಯುತ್ತಾ ತಾಯಿ ಕಾಯುತ್ತಾಳೆ. ವರನಾಗಬಹುದೆಂಬ ಆಸೆಯಿಂದ ಮನೆಗೆ ಬಂದ ನೆಂಟ ರಾಹತನಿಗೆ ಒಡವೆ ಮಾರಿ ಪರಾಠಾ ಉಣಿಸುತ್ತಾರೆ. ಅವನು ಉಂಡು ಹೊರಟುಹೋಗುತ್ತಾನೆ. ಕುಬ್ರಾ ಕ್ಷಯದಿಂದ ಸಾಯುತ್ತಾಳೆ. ಅದೇ ತಾಯಿಯ ಕೈ ಕಫನ್ ಹೊಲಿಯುತ್ತದೆ. ಇಸ್ಮತ್ ಇಲ್ಲಿ ಕಣ್ಣೀರು ಕೇಳುವುದಿಲ್ಲ. ಒಂದು ಪರಾಠಾಕ್ಕೆ ಎಷ್ಟು ತುಪ್ಪ, ಆ ತುಪ್ಪಕ್ಕೆ ಯಾರ ಹೊಟ್ಟೆ ಎಂದು ಲೆಕ್ಕ ಹಾಕಿಸುತ್ತಾರೆ, ಅಷ್ಟೆ.

ಇನ್ನೊಂದು, ಬಾನು ಮುಷ್ತಾಕ್ ಅವರ 'ಕರಿ ನಾಗರಗಳು'. 2025ರ ಮೇ ತಿಂಗಳಲ್ಲಿ ದೀಪಾ ಭಾಸ್ತಿಯವರ ಅನುವಾದದ 'ಹಾರ್ಟ್ ಲ್ಯಾಂಪ್'ಗೆ ಅಂತಾರಾಷ್ಟ್ರೀಯ ಬೂಕರ್ ಬಂದ ಮೇಲೆ ಎಲ್ಲರೂ ಬಾನು ಅವರನ್ನು ಮೆಚ್ಚುತ್ತಿದ್ದಾರೆ. ಆದರೆ ಗಿರೀಶ್ ಕಾಸರವಳ್ಳಿ 2004ರಲ್ಲೇ ಈ ಕಥೆಯಿಂದ 'ಹಸೀನಾ' ಮಾಡಿದ್ದರು. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡ ಕೈಬಿಟ್ಟ ಅಶ್ರಫ್ ನ್ಯಾಯ ಕೇಳಿ ಮಸೀದಿಯೆದುರು ಕೂರುತ್ತಾಳೆ. ಮುತವಲ್ಲಿಗೆ ಅವಳ ಮಾತು ಕೇಳಿಸುವುದಿಲ್ಲ. ಕಥೆಯ ಕೊನೆಗೆ ಹಲವು ಮಕ್ಕಳ ತಾಯಿಯಾದ ಅವನ ಹೆಂಡತಿ ಆಮಿನಾ, ಇನ್ನು ಮಕ್ಕಳು ಬೇಡವೆಂದು ತಾನೇ ಆಪರೇಷನ್ನಿಗೆ ಹೊರಡುತ್ತಾಳೆ. ಈ ಕಥೆಯನ್ನು ಜಮಾತಿನ ಅನ್ಯಾಯದ ಕಥೆ ಎಂದಷ್ಟೇ ಓದಿದವರು ಆಮಿನಾಳನ್ನು ದಾಟಿ ಹೋಗುತ್ತಾರೆ. ತೀರ್ಪು ಮಸೀದಿಯ ಅಂಗಳದಲ್ಲಿ ಆಗಲಿಲ್ಲ, ಮುತವಲ್ಲಿಯ ಮನೆಯೊಳಗೇ ಆಯಿತು.

ನೋಡಿದ್ದು ರಾಮ್ ರೆಡ್ಡಿಯವರ 'ತಿಥಿ'. ಈರೇಗೌಡರು ಕಥೆ ಬರೆದು, ನಮ್ಮ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ಹಳ್ಳಿಯವರೇ ನಟಿಸಿದ ಈ ಚಿತ್ರ 2015ರಲ್ಲಿ ಲೊಕಾರ್ನೊದಲ್ಲಿ ಬಹುಮಾನ ಪಡೆಯಿತು. ಸೆಂಚುರಿ ಗೌಡ ಸಾಯುತ್ತಾನೆ. ಹನ್ನೊಂದನೆಯ ದಿನ ಊರಿಗೆಲ್ಲ ಬಾಡೂಟ ಹಾಕಬೇಕು. ಜಮೀನಿನ ಆಸೆ, ಸಾಲ, ಕುರಿ ಕಳವು ಎಲ್ಲವೂ ಆ ಊಟದ ಸುತ್ತ ತಿರುಗುತ್ತವೆ. ಮಂಡ್ಯದ ಮಾತು ಇಷ್ಟು ಸಹಜವಾಗಿ ತೆರೆಗೆ ಬಂದದ್ದು ಅಪರೂಪ. ಮಕ್ಕಳು ಬಿದ್ದುಬಿದ್ದು ನಕ್ಕರು. ಚಿತ್ರದಲ್ಲಿ ನೆನಪುಳಿಯುವ ಹೆಂಗಸರೂ ಇದ್ದಾರೆ: ಕುರಿಗಾಹಿ ಹುಡುಗಿ ಕಾವೇರಿ, ಸಾಲ ಕೊಡುವ ಕಮಲಕ್ಕ. ಆದರೆ ದಿನನಿತ್ಯದ ಮುದ್ದೆ ತಿರುವಿದವಳ ಮುಖ ನಮಗೆ ನೆನಪಾಗಲಿಲ್ಲ. ಗಂಡಸರ ಮೂರು ತಲೆಮಾರನ್ನು ಅಷ್ಟು ಪ್ರೀತಿಯಿಂದ ನೋಡಿದ ಕ್ಯಾಮೆರಾ ಒಳಮನೆಯ ಹೊಸ್ತಿಲಲ್ಲೇ ನಿಂತುಬಿಟ್ಟಿತೆ?

ಬಾಡೂಟವೆಂದಾಗ 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ ನಡೆದ 87ನೇ ಸಾಹಿತ್ಯ ಸಮ್ಮೇಳನ ನೆನಪಾಗುತ್ತದೆ. ಮದ್ಯ, ತಂಬಾಕಿನ ಸಾಲಿನಲ್ಲೇ ಮಾಂಸಾಹಾರವನ್ನೂ ಸೇರಿಸಿ ನಿಷೇಧಿಸಿದ್ದನ್ನು ಇಲ್ಲಿಯ ಜನ ಪ್ರತಿಭಟಿಸಿದರು. ನಮ್ಮ ಮನಸ್ಸು ಅವರ ಪರವೇ ಇತ್ತು, ಈಗಲೂ ಇದೆ. ಬಹುಜನರ ಊಟವನ್ನು ಚಟವೆಂದು ಬಗೆಯುವ ಸಾಹಿತ್ಯ ಯಾರದು? ಆದರೂ ಒಂದು ಮಾತು ಹೇಳಲೇಬೇಕು. ತಟ್ಟೆಯಲ್ಲಿ ಏನಿರಬೇಕೆಂದು ನಾವೆಲ್ಲ ಗಟ್ಟಿಯಾಗಿ ವಾದಿಸಿದೆವು. ಬೇಯಿಸುವವರಿಗೆ ಗೋಷ್ಠಿ ಕೇಳಲು ಬಿಡುವು ಸಿಗುತ್ತದೆಯೆ ಎಂಬ ಮಾತು ನಮ್ಮ ಬಾಯಿಂದಲೂ ಬರಲಿಲ್ಲ. ನಾವೂ ಕಥೆ ಬರೆಯುವವರೇ. ನಮ್ಮ ಕಥೆಗಳಲ್ಲೂ ಹೆಂಗಸರು ಎಷ್ಟೋ ಸಲ ಚಹಾ ತಂದಿಟ್ಟು ಒಳಗೆ ಹೋಗಿದ್ದಾರೆ. ನಾವು ಹಿಂದೆ ಹೋಗಿ ನೋಡಿಲ್ಲ.

ಇನ್ನು ಬೇಯಿಸಿದ್ದು ಬಸ್ಸಾರು. ತೊಗರಿಬೇಳೆ, ಸೊಪ್ಪು ಒಟ್ಟಿಗೆ ಬೇಯಿಸಿ ಕಟ್ಟು ಬಸಿಯಬೇಕು. ಬಸಿದ ಕಟ್ಟಿಗೆ ರುಬ್ಬಿದ ಖಾರ ಬೆರೆಸಿ ಕುದಿಸಿದರೆ ಸಾರು; ಉಳಿದದ್ದಕ್ಕೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಪಾತ್ರೆಯಿಂದ ಎರಡು ಪದಾರ್ಥ. ಸಮಯವೂ ಸೌದೆಯೂ ಸಾಲದವರು ಕಂಡುಕೊಂಡ ಜಾಣತನವಿದು. ಇದನ್ನು ಕಂಡುಕೊಂಡವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಆ ಸಂಜೆ ಮುದ್ದೆ ತಿರುವಿದ್ದು ಮಗ. ಅಲ್ಲಲ್ಲಿ ಗಂಟು ಉಳಿದಿತ್ತು, ಯಾರೂ ದೂರಲಿಲ್ಲ.

ಕೈ ತೊಳೆದ ಮೇಲೆ ಅಮ್ಮಿ ಹೇಳಿದರು: 'ಆ ಕುಬ್ರಾಳ ಕಥೆ ನಾನು ಮದುವೆಗೆ ಮುಂಚೆ ಅರ್ಧ ಓದಿದ್ದೆ. ನೆಂಟರು ಬಂದರೆಂದು ಒಳಗೆ ಕರೆದರು. ಆಮೇಲೆ ಪುಸ್ತಕ ಎಲ್ಲಿ ಹೋಯಿತೋ. ಅವಳಿಗೆ ಮದುವೆ ಆಗಿರಬೇಕು ಅಂತಲೇ ಇಷ್ಟು ವರ್ಷ ಅಂದುಕೊಂಡಿದ್ದೆ.'

ನಮಗೆ ಏನು ಹೇಳಲೂ ತೋಚಲಿಲ್ಲ. ಕೃತಿಯ ಬಗ್ಗೆ ನೂರು ಮಾತು ಬರೆಯುವ ನಾವು, ನಮ್ಮ ಮನೆಯಲ್ಲೇ ಒಂದು ಕಥೆ ಅರ್ಧಕ್ಕೆ ನಿಂತಿದ್ದನ್ನು ತಿಳಿದಿರಲಿಲ್ಲ. ನೀವೂ ನಿಮ್ಮ ಮನೆಯಲ್ಲಿ ಒಮ್ಮೆ ಕೇಳಿ ನೋಡಿ. ಈ ವಾರ ನಮ್ಮಲ್ಲಿ ಸಂಜೆಯ ಅಡುಗೆ ಮಕ್ಕಳದೂ ನಮ್ಮದೂ. ಅಮ್ಮಿ ಕನ್ನಡಕ ಒರೆಸಿಕೊಂಡು ಮುಂದಿನ ಕಥೆ ತೆಗೆದಿದ್ದಾರೆ.