ಬಾರ್ಬಿ ಬೊಂಬೆಯ ಎರಡು ಮೂಲಗಳು

ಮಕ್ಕಳ ಆಟಿಕೆಯನ್ನು ವಿಮರ್ಶೆಯ ವಸ್ತುವನ್ನಾಗಿ ಎತ್ತಿಕೊಳ್ಳುವುದು ಉಚಿತವೇ ಎಂಬ ಶಂಕೆ ಕೆಲವರಿಗೆ ಬರಬಹುದು. ಆದರೆ ಒಂದು ಸಮಾಜವು ತನ್ನ ಗ್ರಂಥಗಳಲ್ಲಿ ಮರೆಮಾಚಬಲ್ಲ ನಂಬಿಕೆಗಳನ್ನು ಮಕ್ಕಳ ಕೈಗೆ ಕೊಡುವ ವಸ್ತುಗಳಲ್ಲಿ ಅಷ್ಟು ಸುಲಭವಾಗಿ ಮರೆಮಾಚಲಾರದು. ೧೯೫೯ನೆಯ ಮಾರ್ಚ್ ೯ರಂದು ನ್ಯೂಯಾರ್ಕಿನ ಆಟಿಕೆಗಳ ಮೇಳದಲ್ಲಿ ಮೊದಲ ಬಾರಿಗೆ ಪ್ರದರ್ಶಿತವಾದ ಬಾರ್ಬಿ ಎಂಬ ಬೊಂಬೆ ಇದಕ್ಕೆ ಉತ್ತಮ ನಿದರ್ಶನ. ಹನ್ನೊಂದೂವರೆ ಅಂಗುಲ ಎತ್ತರದ, ಕಪ್ಪು ಬಿಳುಪು ಪಟ್ಟೆಗಳ ಈಜುಡುಗೆ ತೊಟ್ಟ ಈ ತರುಣಿಯ ವಿಷಯದಲ್ಲಿ ವಿಮರ್ಶಕರು ಎರಡು ಪಂಗಡಗಳಾಗಿದ್ದಾರೆ. ಎಟುಕಲಾರದ ದೇಹಸೌಂದರ್ಯವನ್ನು ಆದರ್ಶವೆಂದು ಒಡ್ಡಿ ಹೆಣ್ಣುಮಕ್ಕಳನ್ನು ಕುಗ್ಗಿಸಿದ ವಸ್ತು ಇದೆಂಬುದು ಒಂದು ಮತ. ತಾಯ್ತನವೊಂದನ್ನೇ ಅಭ್ಯಾಸ ಮಾಡಿಸುತ್ತಿದ್ದ ಆಟದಿಂದ ಅವರನ್ನು ಬಿಡಿಸಿದ ವಸ್ತು ಇದೆಂಬುದು ಮತ್ತೊಂದು. ಈ ಮತಗಳೆರಡೂ ಬೊಂಬೆಯ ಒಂದೊಂದು ಮೂಲವನ್ನು ಮಾತ್ರ ಹಿಡಿದು ಹೊರಟಿವೆಯೆಂದು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲನೆಯ ಮೂಲ ಜರ್ಮನಿಯದು. ೧೯೫೨ನೆಯ ಜೂನ್ ತಿಂಗಳಲ್ಲಿ ಹ್ಯಾಂಬರ್ಗಿನಿಂದ ಹೊರಟ ‘ಬಿಲ್ಟ್’ ಪತ್ರಿಕೆಯ ಮೊದಲ ಸಂಚಿಕೆಯಲ್ಲಿಯೇ ರೈನ್‌ಹಾರ್ಟ್ ಬಾಯ್ಟಿಯನ್ ಎಂಬ ವ್ಯಂಗ್ಯಚಿತ್ರಕಾರನು ಲಿಲಿ ಎಂಬ ಯುವತಿಯನ್ನು ಚಿತ್ರಿಸಿದನು. ಲಿಲಿ ದುಡಿದು ಬದುಕುವವಳು, ಮಾತಿನಲ್ಲಿ ಚತುರೆ, ಸಿರಿವಂತ ಗಂಡಸರ ಸಂಗವನ್ನು ಸಂಕೋಚವಿಲ್ಲದೆ ಅರಸುವವಳು. ೧೯೫೫ರಲ್ಲಿ ಹೌಸರ್ ಸಂಸ್ಥೆ ಅವಳನ್ನು ಬೊಂಬೆಯಾಗಿ ಮಾರುಕಟ್ಟೆಗೆ ತಂದಿತು. ಓರೆನೋಟ, ಕೆಂಪು ತುಟಿ, ಸಣ್ಣ ನಡು, ಬೊಂಬೆಯೊಡನೆಯೇ ಅಚ್ಚಿನಲ್ಲಿ ಎರಕವಾದ ಎತ್ತರ ಹಿಮ್ಮಡಿಯ ಪಾದರಕ್ಷೆ—ಇವು ಆಕೆಯ ಲಕ್ಷಣಗಳು. ಹೊಗೆಸೊಪ್ಪಿನ ಅಂಗಡಿಗಳಲ್ಲಿಯೂ ಮಾರಾಟವಾಗುತ್ತಿದ್ದ ಈ ಬೊಂಬೆ ಮೊದಲಿಗೆ ಉದ್ದಿಷ್ಟವಾಗಿದ್ದುದು ಪ್ರೌಢರ ವಿನೋದಕ್ಕೆ. ಮಕ್ಕಳು ಅದನ್ನು ತಮ್ಮದಾಗಿಸಿಕೊಂಡದ್ದು ಅನಂತರದ ಸಂಗತಿ.

ಎರಡನೆಯ ಮೂಲ ಕಾಗದದ ಬೊಂಬೆ. ೧೯೪೫ರಲ್ಲಿ ಮ್ಯಾಟೆಲ್ ಸಂಸ್ಥೆಯನ್ನು ಸ್ಥಾಪಿಸಿದವರಲ್ಲಿ ಒಬ್ಬರಾದ ರೂತ್ ಹ್ಯಾಂಡ್ಲರ್ ಅವರು, ತಮ್ಮ ಮಗಳು ಬಾರ್ಬರಾ ಕೂಸಿನ ಬೊಂಬೆಗಳಿಗಿಂತ ಕಾಗದದ ಬೊಂಬೆಗಳನ್ನೇ ಹೆಚ್ಚಾಗಿ ಬಯಸುವುದನ್ನು ಗಮನಿಸಿದ್ದರು. ಕೂಸಿನ ಬೊಂಬೆಯೊಡನೆ ಆಡುವ ಹುಡುಗಿ ತಾಯಿಯಾಗಬಲ್ಲಳು, ಅಷ್ಟೆ. ಕಾಗದದ ಬೊಂಬೆಯಾದರೋ ಬೆಳೆದ ಹೆಂಗಸು. ಕತ್ತರಿಸಿದ ಉಡುಗೆಯೊಂದನ್ನು ಅದರ ಮೇಲೆ ಸಿಕ್ಕಿಸಿದೊಡನೆ ಆಕೆಯ ಬಾಳೇ ಬದಲಾಗುತ್ತದೆ. ಈ ಆಟಕ್ಕೆ ಮೂರು ಆಯಾಮದ ಶರೀರವೊಂದನ್ನು ಒದಗಿಸಬೇಕೆಂಬ ಯೋಚನೆಯಿದ್ದ ರೂತ್ ೧೯೫೬ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಲಿಲಿಯನ್ನು ಕಂಡರು. ಎರಡು ಮೂಲಗಳು ಕೂಡಿದ್ದು ಅಲ್ಲಿ.

ಕೂಡಿಕೆಯ ಕ್ರಮವು ವಿಚಾರಾರ್ಹವಾದುದು. ಜಾಕ್ ರಯನ್ ಬೊಂಬೆಯ ತಾಂತ್ರಿಕ ಸಿದ್ಧತೆಯನ್ನು ನೋಡಿಕೊಂಡನು. ಷಾರ್ಲೆಟ್ ಜಾನ್ಸನ್ ಉಡುಗೆಗಳನ್ನು ರಚಿಸಿದಳು. ತಯಾರಿಕೆ ಜಪಾನಿನಲ್ಲಿ ನಡೆಯಿತು. ಮುಖದ ರೇಖೆಗಳು ಕೊಂಚ ಮೃದುವಾದುವು; ಪಾದರಕ್ಷೆ ಕಳಚಿ ತೊಡಿಸುವಂತಾಯಿತು. ಆದರೆ ಓರೆನೋಟವೂ ದೇಹದ ಅಳತೆಯೂ ಬಹುಮಟ್ಟಿಗೆ ಉಳಿದುವು. ಲಿಲಿಯಿಂದ ತೆಗೆದದ್ದು ಮುಖ್ಯವಾಗಿ ಆಕೆಯ ಮಾತು, ಅಂದರೆ ಆಕೆಯ ಕಥೆ. ಆ ತೆರವಿನಲ್ಲಿ ಕಾಗದದ ಬೊಂಬೆಯ ನಿಯಮ ಬಂದು ನಿಂತಿತು: ಕಥೆಯನ್ನು ಹುಡುಗಿ ಕಟ್ಟಬೇಕು, ಅದಕ್ಕೆ ಬೇಕಾದ ಉಡುಗೆಯನ್ನು ಸಂಸ್ಥೆ ಮಾರಬೇಕು. ಬೊಂಬೆಗೆ ೩ ಡಾಲರು. ಉಡುಗೆಗಳಿಗೆ ೧ರಿಂದ ೫ ಡಾಲರು. ಮೊದಲ ವರ್ಷದಲ್ಲಿ ೩ ಲಕ್ಷಕ್ಕೆ ಕಡಿಮೆಯಿಲ್ಲದೆ ಬೊಂಬೆಗಳು ಮಾರಾಟವಾದುವು. ೧೯೬೪ರಲ್ಲಿ ಮ್ಯಾಟೆಲ್ ಲಿಲಿಯ ಹಕ್ಕುಗಳನ್ನೇ ಕೊಂಡುಕೊಂಡಿತು. ಜರ್ಮನಿಯ ಬೊಂಬೆಯ ತಯಾರಿಕೆ ಅಲ್ಲಿಗೆ ನಿಂತಿತು.

ಈ ಎರಡು ಮೂಲಗಳು ಒಂದೇ ವಸ್ತುವಿನಲ್ಲಿ ಹೇಗೆ ಬೇರೆಬೇರೆಯಾಗಿ ಕೆಲಸ ಮಾಡಿದುವೆಂಬುದಕ್ಕೆ ೧೯೬೫ನೆಯ ಇಸವಿಯೊಂದೇ ಸಾಕು. ಆ ವರ್ಷ ಬಾರ್ಬಿಗೆ ಗಗನಯಾತ್ರಿಯ ಉಡುಗೆ ಬಂದಿತು. ಸೋವಿಯತ್ ದೇಶದ ವಲೆಂಟೀನಾ ತೆರೆಷ್ಕೋವಾ ೧೯೬೩ರಲ್ಲಿಯೇ ಅಂತರಿಕ್ಷಕ್ಕೆ ಹೋಗಿಬಂದಿದ್ದರೂ, ಅಮೆರಿಕದ ಮಹಿಳೆಯೊಬ್ಬಳು ಹೋಗಲು ೧೯೮೩ರವರೆಗೆ ಕಾಯಬೇಕಾಯಿತು. ಬೊಂಬೆ ಇಲ್ಲಿ ತನ್ನ ದೇಶಕ್ಕಿಂತ ಮುಂದಿತ್ತೆಂಬುದನ್ನು ಒಪ್ಪಬೇಕು. ಅದೇ ವರ್ಷ ಬಂದ ರಾತ್ರಿಯುಡುಗೆಯ ಕಟ್ಟಿನಲ್ಲಿ ೧೧೦ ಪೌಂಡುಗಳನ್ನು ತೋರಿಸುವ ತೂಕದ ಯಂತ್ರವೊಂದೂ, ತೂಕ ಇಳಿಸುವುದನ್ನು ಕುರಿತ ಕಿರುಪುಸ್ತಕವೊಂದೂ ಇದ್ದುವು. ಊಟ ಮಾಡಬೇಡವೆಂಬುದೇ ಆ ಪುಸ್ತಕದ ಉಪದೇಶ. ಗಗನಕ್ಕೆ ಹಾರಿದವಳು ಕಾಗದದ ಬೊಂಬೆಯ ಮಗಳು. ತೂಕದ ಯಂತ್ರದ ಮೇಲೆ ನಿಂತವಳು ಲಿಲಿಯ ಮಗಳು. ಒಂದೇ ಬೊಂಬೆ ಎರಡೂ ಆಗಿದ್ದಿತು.

ಅನಂತರದ ಚರಿತ್ರೆಯನ್ನೂ ಈ ದೃಷ್ಟಿಯಿಂದ ನೋಡಬಹುದು. ಉಡುಗೆ ಬದಲಾಗುವುದು ಸುಲಭ, ಶರೀರ ಬದಲಾಗುವುದು ಕಷ್ಟ. ೧೯೭೧ರಲ್ಲಿ ಓರೆನೋಟ ಹೋಗಿ ಕಣ್ಣು ನೇರವಾಯಿತು. ೧೯೬೮ರಲ್ಲಿ ಕ್ರಿಸ್ಟಿ ಎಂಬ ಕಪ್ಪುವರ್ಣದ ಗೆಳತಿ ಬಂದಿದ್ದಳು. ಆದರೆ ಕಿಟ್ಟಿ ಬ್ಲ್ಯಾಕ್ ಪರ್ಕಿನ್ಸ್ ರೂಪಿಸಿದ ಕಪ್ಪುವರ್ಣದ ಬೊಂಬೆಗೆ ಬಾರ್ಬಿ ಎಂಬ ಹೆಸರೇ ದೊರೆತದ್ದು ೧೯೮೦ರಲ್ಲಿ. ಅದೇ ವರ್ಷದಿಂದ ಹೊರಟ ನಾನಾ ದೇಶಗಳ ಬೊಂಬೆಗಳ ಮಾಲೆಯಲ್ಲಿ ಮುಂದೆ ಸೀರೆಯುಟ್ಟ ಭಾರತೀಯಳೂ ಸೇರಿದಳು. ಬಣ್ಣವನ್ನೂ ವಸ್ತ್ರವನ್ನೂ ಬದಲಿಸಿ ಅಚ್ಚನ್ನು ಬಹುಮಟ್ಟಿಗೆ ಹಾಗೆಯೇ ಉಳಿಸಿಕೊಳ್ಳುವ ವೈವಿಧ್ಯವು ಎಂಥ ವೈವಿಧ್ಯವೆಂದು ಆನ್ ಡುಸೀಲ್ ೧೯೯೪ರಲ್ಲಿ ಎತ್ತಿದ ಆಕ್ಷೇಪ ಯುಕ್ತವಾದುದೆಂದೇ ನಮ್ಮ ಅಭಿಪ್ರಾಯ. ೧೯೯೭ರಲ್ಲಿ ಗಾಲಿಕುರ್ಚಿಯ ಗೆಳತಿಯೊಬ್ಬಳು ಬಂದಾಗ ಆಕೆಯ ಕುರ್ಚಿ ಬಾರ್ಬಿಯ ಮನೆಯ ಲಿಫ್ಟಿನೊಳಕ್ಕೆ ಹಿಡಿಸಲಿಲ್ಲ. ಒಂದೇ ಶರೀರಕ್ಕಾಗಿ ಕಟ್ಟಿದ ಮನೆಯಲ್ಲಿ ಬೇರೊಂದು ಶರೀರಕ್ಕೆ ಎಡೆಯಿರಲಿಲ್ಲ. ಎತ್ತರದ, ಗಿಡ್ಡನೆಯ, ತುಂಬಿದ ಮೈಯ ಬಾರ್ಬಿಗಳು ಮಾರುಕಟ್ಟೆಗೆ ಬಂದದ್ದು ೨೦೧೬ರಲ್ಲಿ, ಎಂದರೆ ಐವತ್ತೇಳು ವರ್ಷಗಳ ಮೇಲೆ.

ಕಥೆಯ ವಿಷಯದಲ್ಲಿಯೂ ಹೀಗೆಯೇ. ೧೯೯೨ರಲ್ಲಿ ಸಂಸ್ಥೆ ಬೊಂಬೆಗೆ ಮಾತು ಕೊಟ್ಟಾಗ, ಗಣಿತದ ತರಗತಿ ಕಷ್ಟವೆಂಬ ಅರ್ಥದ ವಾಕ್ಯವೊಂದೂ ಅದರಲ್ಲಿ ಸೇರಿತ್ತು. ಪ್ರತಿಭಟನೆ ಎದ್ದಿತು, ವಾಕ್ಯವನ್ನು ಹಿಂತೆಗೆದುಕೊಳ್ಳಬೇಕಾಯಿತು. ಹುಡುಗಿ ಕಟ್ಟಬೇಕಾದ ಕಥೆಯನ್ನು ತಯಾರಕನೇ ಹೇಳಹೊರಟರೆ ಸಮಾಜದ ಹಳೆಯ ಪೂರ್ವಾಗ್ರಹವೇ ಬಾಯಿಗೆ ಬರುತ್ತದೆಂಬುದಕ್ಕೆ ಇದು ಸಾಕ್ಷಿ.

ಆಧುನಿಕ ಆಟಿಕೆಗಳು ಮಗುವನ್ನು ಬಳಕೆದಾರನನ್ನಾಗಿ ಮಾಡುತ್ತವೆಯೇ ಹೊರತು ಸೃಷ್ಟಿಕರ್ತನನ್ನಾಗಿ ಮಾಡುವುದಿಲ್ಲವೆಂದು ಫ್ರೆಂಚ್ ವಿಮರ್ಶಕ ರೋಲಾ ಬಾರ್ತ್ ೧೯೫೭ರಲ್ಲಿ, ಬಾರ್ಬಿ ಬರುವ ಮೊದಲೇ, ವಾದಿಸಿದ್ದನು. ಬಾರ್ಬಿಯ ಮಟ್ಟಿಗೆ ಈ ಮಾತು ಅರ್ಧ ಮಾತ್ರ ಸರಿ. ಉಡುಗೆಯ ಮಾರಾಟದಲ್ಲಿ ಹುಡುಗಿ ಬಳಕೆದಾರಳು. ಕಥೆ ಕಟ್ಟುವಾಗ ಆಕೆ ಕರ್ತೃ. ೨೦೨೩ರ ಗ್ರೇಟಾ ಗರ್ವಿಗ್ ಅವರ ಚಲನಚಿತ್ರವು ಈ ದ್ವಂದ್ವವನ್ನು ಮುಚ್ಚಿಡದೆ ತೋರಿಸಿದ್ದು ಅದರ ಹಿರಿಮೆ. ಆದರೆ ಆ ವಿಮರ್ಶೆಯೂ ಸಂಸ್ಥೆಯ ಸಹಭಾಗಿತ್ವದಲ್ಲಿಯೇ ಮಾರಾಟಕ್ಕೆ ಬಂದಿತೆಂಬುದನ್ನು ಮರೆಯುವಂತಿಲ್ಲ.

ಒಟ್ಟಿನಲ್ಲಿ, ಹೀನಮೂಲದ್ದೆಂದು ಈ ಬೊಂಬೆಯನ್ನು ತಳ್ಳಿಹಾಕುವುದು ಹೇಗೆ ಸರಿಯಲ್ಲವೋ, ಅದರ ವೃತ್ತಿಗಳ ಪಟ್ಟಿಯನ್ನು ಓದಿ ಮೆಚ್ಚಿಬಿಡುವುದೂ ಹಾಗೆಯೇ ಸರಿಯಲ್ಲ. ಹೊಸ ಬೊಂಬೆಯೊಂದು ಬಂದಾಗ ವಿಮರ್ಶಕನು ಕೇಳಬೇಕಾದ ಪ್ರಶ್ನೆಗಳು ಎರಡು: ಬದಲಾವಣೆ ಉಡುಗೆಯಲ್ಲಿಯೇ ನಿಂತಿತೇ, ಅಚ್ಚನ್ನೂ ಮುಟ್ಟಿತೇ? ಹುಡುಗಿ ಹೇಳಬೇಕಾದ ಮಾತಿಗೆ ಎಡೆ ಉಳಿಯಿತೇ? ಇವುಗಳಿಗೆ ಉತ್ತರ ಕಂಡುಕೊಂಡ ಮೇಲೆಯೇ ಬೊಂಬೆಯ ಗುಣದೋಷಗಳ ನಿರ್ಣಯ ಸಾಧ್ಯ.