ಶ್ಯೇನವಿನೋದವೂ ರಸವಿಚಾರವೂ

ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು (1126-1138) ರಚಿಸಿದ ‘ಮಾನಸೋಲ್ಲಾಸ’ವು ಅರಸುಮನೆಯ ವ್ಯವಹಾರವನ್ನೆಲ್ಲ ನೂರು ಅಧ್ಯಾಯಗಳಲ್ಲಿ ಅಡಕಮಾಡಿದ ಗ್ರಂಥವೆಂಬುದು ವಿದಿತವೇ ಇದೆ. ಅದರ ನಾಲ್ಕನೆಯ ವಿಂಶತಿಯಲ್ಲಿ ಸಾರಮೇಯವಿನೋದ, ಶ್ಯೇನವಿನೋದ ಎಂಬೆರಡು ಅಧ್ಯಾಯಗಳು ಒಂದರ ಬೆನ್ನಿಗೊಂದು ಬರುವವು. ಮೊದಲನೆಯದು ನಾಯಿಗಳ ವಿಷಯ; ಎರಡನೆಯದು ಪಳಗಿಸಿದ ಡೇಗೆಯಿಂದ ಹಕ್ಕಿಗಳನ್ನು ಹಿಡಿಸುವ ವಿಷಯ. ಬಡೋದೆಯ ಗಾಯಕವಾಡ ಮಾಲೆಯಲ್ಲಿ ಈ ಭಾಗವು 1939ರಲ್ಲಿ ಅಚ್ಚಾಯಿತು. ಚಿಕ್ಕಪಡಸಲಗಿ, ಜಮಖಂಡಿ, ಮುಧೋಳಗಳ ಸೀಮೆಯು ಆ ಅರಸನ ನಾಡಿನ ಒಳಗಿನದೇ. ಆದರೂ ಗೀತ, ನೃತ್ಯ, ಅನ್ನಭೋಗಗಳ ಅಧ್ಯಾಯಗಳಿಗೆ ದೊರೆತ ಪ್ರಸಿದ್ಧಿ ಇವಕ್ಕೆ ದೊರೆತಿಲ್ಲ. ಹಿಂಸೆಯ ವಿಷಯವೆಂಬ ಸಂಕೋಚವು ಇದಕ್ಕೆ ಕಾರಣವಿದ್ದೀತು. ಸಂಕೋಚವೇನೋ ಯೋಗ್ಯವೇ. ಆದರೆ ಅದರ ಮರೆಯಲ್ಲಿ ಸಾಹಿತ್ಯಶಾಸ್ತ್ರದ ಒಂದು ಪ್ರಶ್ನೆ ಹಾಗೆಯೇ ಉಳಿದುಹೋಗಿದೆ: ಬೇಟೆಯ ವಿನೋದಕ್ಕೂ ಕಾವ್ಯದ ರಸಕ್ಕೂ ಸಂಬಂಧವೇನು?

ಈ ಪ್ರಶ್ನೆಯನ್ನು ನೇರವಾಗಿ ಎತ್ತಿದವನು ಕೂರ್ಮಾಚಲದ, ಎಂದರೆ ಹಿಮಾಲಯದ ಮಗ್ಗುಲಿನ ಕುಮಾವ್ ದೇಶದ, ರುದ್ರದೇವನು. ಅವನ ‘ಶ್ಯೈನಿಕಶಾಸ್ತ್ರ’ವೆಂಬ ಏಳು ಪರಿಚ್ಛೇದಗಳ ಚಿಕ್ಕ ಗ್ರಂಥವನ್ನು ಹರಪ್ರಸಾದ ಶಾಸ್ತ್ರಿಗಳು 1910ರಲ್ಲಿ ಕಲಕತ್ತೆಯಲ್ಲಿ ಪ್ರಕಟಿಸಿದರು. ಮನುವು ಕಾಮಜ ವ್ಯಸನಗಳನ್ನು ಎಣಿಸುವಾಗ ಮೃಗಯೆಯನ್ನೇ ಮೊದಲು ಹೇಳಿರುವನಷ್ಟೆ. ರುದ್ರದೇವನು ಅದಕ್ಕೆ ಅಂಜದೆ, ಮಿತಿಯರಿತು ನಡೆದರೆ ವ್ಯಸನವೂ ಸುಖಕ್ಕೆ ಸಾಧನವಾಗುವದೆಂದು ವಾದಿಸಿ, ಡೇಗೆಯ ಹಾರಾಟದಲ್ಲಿ ನಾಟ್ಯದ ರಸಗಳು ಪ್ರತ್ಯಕ್ಷವಾಗುವವೆಂಬವರೆಗೂ ಹೋಗುವನು.

ಈ ಮಾತನ್ನು ತೂಗಿ ನೋಡಬೇಕಾದರೆ ಬೇಟೆಯ ಕ್ರಮವು ತಿಳಿದಿರಬೇಕು. ಡೇಗೆಗಳನ್ನು ರುದ್ರದೇವನು ಕಪ್ಪುಗಣ್ಣಿನವು, ಹಳದಿಗಣ್ಣಿನವು ಎಂದು ಎರಡು ಪಂಗಡ ಮಾಡುವನು. ಇಂದಿನ ಪಕ್ಷಿಶಾಸ್ತ್ರಜ್ಞರಿಗೂ ಈ ಭೇದವು ಬಹುಮಟ್ಟಿಗೆ ಒಪ್ಪಿಗೆಯೇ. ಕಪ್ಪುಗಣ್ಣಿನದು ನೀಳ ರೆಕ್ಕೆಯದು. ಆಕಾಶಕ್ಕೇರಿ ಬಯಲಿನಲ್ಲಿ ಹಾರುವ ಹಕ್ಕಿಯ ಮೇಲೆ ಕಲ್ಲಿನಂತೆ ಬೀಳುವದು. ಹಳದಿಗಣ್ಣಿನದು ಗಿಡ್ಡ ರೆಕ್ಕೆಯದು. ಬೇಟೆಗಾರನ ಮುಷ್ಟಿಯಿಂದಲೇ ಚಿಮ್ಮಿ ಸ್ವಲ್ಪ ದೂರದಲ್ಲಿ ಕೆಲಸ ಮುಗಿಸುವದು. ಹೊಸದಾಗಿ ಹಿಡಿದ ಹಕ್ಕಿಯ ಕಣ್ಣು ಮುಚ್ಚಿಸಿ, ಕಾಲಿಗೆ ತೊಗಲಪಟ್ಟಿ ಕಟ್ಟಿ, ಕೈಮೇಲೆ ಹೊತ್ತು ತಿರುಗಿ, ಮನುಷ್ಯರ ದನಿಗೆ ಒಗ್ಗಿಸುವರು. ಆಮೇಲೆ ಉದ್ದನೆಯ ದಾರ ಕಟ್ಟಿ ಮಾಂಸ ತೋರಿಸಿ ಕರೆಯುವರು. ಹಸಿವಿನ ಅಳತೆಯೇ ಇಲ್ಲಿಯ ಮರ್ಮ. ಹೊಟ್ಟೆ ತುಂಬಿದ ಡೇಗೆಯು ಮರವೇರಿ ಕೂತೀತು. ಬಹಳ ಹಸಿದದ್ದಕ್ಕೆ ಹಾರುವ ಬಲವಿರದು.

ನಾಯಿಯ ಕೆಲಸ ಬೇರೆ. ಜೋಳದ ಕೂಳೆಯಲ್ಲಿ ಅಡಗಿದ ಕೌಜಗವು ತುಳಿಯುವವರೆಗೂ ಏಳದು. ಅದನ್ನು ವಾಸನೆಯಿಂದ ಕಂಡುಹಿಡಿದು ಎಬ್ಬಿಸುವದು, ಎಬ್ಬಿಸಿದ ಬಳಿಕ ಬೆನ್ನಟ್ಟದೆ ನಿಲ್ಲುವದು, ಡೇಗೆಯು ನೆಲಕ್ಕೆ ಕೆಡವಿದ ಹಕ್ಕಿಗೆ ಬಾಯಿ ಹಾಕದಿರುವದು: ಎಳೆಯ ನಾಯಿಗೆ ಕಲಿಸಬೇಕಾದದ್ದು ಇದೇ. ಮೊದಲನೆಯದು ಅದರ ರಕ್ತದಲ್ಲಿಯೇ ಉಂಟು. ಉಳಿದೆರಡು ಅದರ ರಕ್ತಕ್ಕೆ ವಿರುದ್ಧವಾದವು. (ಮುಧೋಳದ ನಾಯಿಯ ಕೀರ್ತಿ ದೊಡ್ಡದು, ಆದರೆ ಅದು ಮೂಗಿಗಿಂತ ಕಣ್ಣನ್ನು ನಂಬಿ ಓಡುವ ಜಾತಿ. ಮೊಲದ ಬೆನ್ನಟ್ಟುವದರಲ್ಲಿ ಅದಕ್ಕೆ ಸಮನಿಲ್ಲದಿದ್ದರೂ ಈ ನಿಲ್ಲುವ ವಿದ್ಯೆಗೆ ಅದು ಹುಟ್ಟಿದ್ದಲ್ಲ.)

ಇನ್ನು ರಸದ ಮಾತು. ಬೇಟೆಗಾರನಿಗೆ ಉತ್ಸಾಹವೂ ವಿಸ್ಮಯವೂ ಉಂಟಾಗುವದು ನಿಜ. ಆದರೆ ಅವನಿಗೆ ಹಕ್ಕಿ ಬೇಕಾಗಿದೆ. ತನ್ನ ಡೇಗೆ ಗೆಲ್ಲಲಿ ಎಂಬ ಮಮತೆ ಇರುವಲ್ಲಿ ಭಟ್ಟನಾಯಕನು ಹೇಳಿದ ಸಾಧಾರಣೀಕರಣವು ಹೇಗೆ ನಡೆದೀತು? ಅದು ಲೌಕಿಕ ಹರ್ಷವೇ ಹೊರತು ರಸವಲ್ಲ. ಅಭಿನವಗುಪ್ತಪಾದರು ಭಯಾನಕಕ್ಕೆ ಉದಾಹರಣೆಯಾಗಿ ಎತ್ತಿಕೊಂಡದ್ದು ಬೇಟೆಯ ಪ್ರಸಂಗವನ್ನೇ: ಶಾಕುಂತಲದ ಮೊದಲನೆಯ ಅಂಕದಲ್ಲಿ ದುಷ್ಯಂತನ ರಥದ ಮುಂದೆ ಓಡುವ ಜಿಂಕೆಯ ಚಿತ್ರ. ಅಲ್ಲಿ ಭಯವು ಅರಸನದಲ್ಲ, ಜಿಂಕೆಯದು. ಮಾತಾಡುವವನು ಬಿಲ್ಲು ಹಿಡಿದವನೇ ಆದರೂ ಸಹೃದಯನ ಮನಸ್ಸು ಜಿಂಕೆಯ ಕಡೆಗೆ ಸರಿಯುವದು. ಕವಿಯು ಆ ಮಾತನ್ನು ಬೇಟೆಗಾರನ ಬಾಯಿಂದಲೇ ಆಡಿಸಿದ್ದು ಅವನ ಅಸಾಧಾರಣ ಪ್ರತಿಭೆ. ರುದ್ರದೇವನಾದರೋ ಕೊನೆಯವರೆಗೂ ಮುಷ್ಟಿಯ ಬಳಿಯೇ ನಿಂತಿರುವನು. ಅವನ ಕೌಜಗಕ್ಕೆ ರೆಕ್ಕೆಗಳುಂಟು, ಮನಸ್ಸಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಆ ಗ್ರಂಥವು ನಿಸ್ಸಾರವೆಂದಲ್ಲ. ಋತುಋತುವಿಗೆ ಡೇಗೆಯ ಆರೈಕೆ, ಅದರ ರೋಗಗಳು, ಅವಕ್ಕೆ ಮದ್ದು ಎಂಬ ಭಾಗಗಳಲ್ಲಿ ಅವನು ಅಲಂಕಾರವನ್ನು ಹುಡುಕುವದಿಲ್ಲ, ಹಕ್ಕಿಯನ್ನೇ ನೋಡುತ್ತಾನೆ. ಅವನು ಎಣಿಸಿ ತೋರಿಸಿದ ರಸಗಳಿಗಿಂತ ಆ ನೋಟವೇ ಕಾವ್ಯಕ್ಕೆ ಹತ್ತಿರದ್ದು. ಸೋಮೇಶ್ವರನ ಅಧ್ಯಾಯವನ್ನೂ ಈ ಕಾರಣಕ್ಕಾಗಿಯೇ ಓದಬೇಕು. ಅವನು ರಸದ ಗೊಡವೆಗೆ ಹೋಗದೆ ಹಿಡಿಯುವ, ಪಳಗಿಸುವ, ಬಿಡುವ ಕ್ರಮವನ್ನು ಹೇಳುವನು. ಶಾಸ್ತ್ರವು ಶಾಸ್ತ್ರವಾಗಿಯೇ ನಿಂತದ್ದು ಅಲ್ಲಿಯ ಗುಣ.

ಕನ್ನಡದಲ್ಲಿ ಈ ವಿದ್ಯೆಯ ಮಾತುಗಳೇ ಮರೆಯಾಗಿವೆ. ‘ಸಾಳುವ’ವೆಂದರೆ ಬೇಟೆಯ ಡೇಗೆ, ಇಂದು ಅದು ವಿಜಯನಗರದ ಸಾಳುವ ನರಸಿಂಹನ ವಂಶದ ಹೆಸರೆಂದೇ ತಿಳಿದಿರುವರು. ಅದಕ್ಕಾಗಿ ವಿದ್ಯೆಯು ಮರಳಿ ಬರಲೆಂದು ಬಯಸುವದು ಸಲ್ಲದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಡೇಗೆಯನ್ನು ಹಿಡಿಯುವದನ್ನೂ ನಿಷೇಧಿಸಿದ್ದು ನ್ಯಾಯವೇ ಆಗಿದೆ. 1989ರಲ್ಲಿ ರೈತರು ತಾವೇ ಹಣ ಕೂಡಿಸಿ ಕೃಷ್ಣೆಗೆ ಬ್ಯಾರೇಜು ಕಟ್ಟಿದ ಮೇಲೆ ಚಿಕ್ಕಪಡಸಲಗಿಯ ಸುತ್ತಣ ಎರೆಹೊಲಗಳಲ್ಲಿ ಕಬ್ಬು ಹೆಚ್ಚಿತು. ಕೌಜಗಕ್ಕೆ ಬೇಕಾದ ಕೂಳೆಯ ಬಯಲೂ ಮೊದಲಿನಷ್ಟಿಲ್ಲ. ಆದರೆ ಮಾತು ಹೋದರೆ ಹಳೆಯ ಕಾವ್ಯದ ಅರ್ಥವೂ ಅದರೊಡನೆ ಹೋಗುವದು.

ಬೇಟೆಯ ಮರ್ಮವನ್ನು ಕನ್ನಡದಲ್ಲಿ ಬೇರೊಂದು ದಿಕ್ಕಿನಿಂದ ಮುಟ್ಟಿದವನು ಜನ್ನ. 1209ರ ‘ಯಶೋಧರಚರಿತೆ’ಯಲ್ಲಿ ಯಶೋಧರನು ನವಿಲಾಗಿ, ಅವನ ತಾಯಿ ಚಂದ್ರಮತಿಯು ನಾಯಿಯಾಗಿ ಹುಟ್ಟಿ, ಯಶೋಧರನ ಮಗನ ಅರಮನೆಗೇ ಬಂದು ಸೇರುವರು. ನಾಯಿಯು ನವಿಲನ್ನು ಹಿಡಿಯುವದು, ಅರಸನು ನಾಯಿಯನ್ನು ಹೊಡೆಯುವನು, ಎರಡೂ ಸಾಯುವವು. ಸತ್ತದ್ದು ತಂದೆ, ಸತ್ತದ್ದು ಅಜ್ಜಿ ಎಂಬುದು ಅರಸನಿಗೆ ತಿಳಿಯದು, ಓದುವವನಿಗೆ ತಿಳಿದಿದೆ. ರುದ್ರದೇವನು ಕೈಯಲ್ಲಿ ಹಿಡಿದು ತೋರಿಸಹೋದ ರಸವು ಇಲ್ಲಿ ಯಾರೂ ಹೆಸರಿಸದೆಯೇ ಬಂದು ನಿಲ್ಲುವದು. ಕರ್ಮಸಿದ್ಧಾಂತವನ್ನು ನಂಬದವನ ಕಣ್ಣೂ ಈ ಸ್ಥಳದಲ್ಲಿ ಒದ್ದೆಯಾದೀತು.

ಕಾವ್ಯವೆಂಬ ಹೆಸರಿಲ್ಲದ ಇನ್ನೊಂದು ಬರಹವೂ ಇಲ್ಲಿ ನೆನೆಯತಕ್ಕದ್ದು. ಮದ್ದೂರು ಸೀಮೆಯ ಆತಕೂರಿನ ಶಾಸನವು ಶಕ 872ರದು, ಎಂದರೆ 949-50ರದು. ರಾಷ್ಟ್ರಕೂಟ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಗೆದ್ದ ಸಂಗತಿಯನ್ನು ಹೇಳುವ ಆ ಕಲ್ಲೇ ಒಂದು ನಾಯಿಯ ಕಥೆಯನ್ನೂ ಹೇಳುವದು. ಯುದ್ಧದಲ್ಲಿ ಮೆಚ್ಚಿಸಿದ ಮಣಲೇರನು ಗಂಗ ಬೂತುಗನಿಂದ ಬೇಡಿ ಪಡೆದದ್ದು ಕಾಳಿಯೆಂಬ ಬೇಟೆನಾಯಿಯನ್ನು. ಬೆಳ್ತೂರ ಗುಡ್ಡದಲ್ಲಿ ಅದನ್ನು ಹಂದಿಯ ಮೇಲೆ ಬಿಡಲು, ಹಂದಿಯೂ ಕಾಳಿಯೂ ಒಟ್ಟಿಗೆ ಸತ್ತವು. ಆತಕೂರಿನ ಚಲ್ಲೇಶ್ವರನ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗಾಗಿ ಭೂಮಿ ಬಿಟ್ಟರು. ಆ ಕಲ್ಲನ್ನು ಪೂಜಿಸದೆ ಗೊರವನು ಉಂಡರೆ ನಾಯಿ ಮಾಡಿದ ಪಾಪವು ಅವನಿಗೆ ತಗಲುವದೆಂದು ಶಾಸನದಲ್ಲಿ ಕಟ್ಟುಮಾಡಿದೆ.